ಗುಂಗುರು ಪ್ಯಾಕೆಟ್ಟೂ ನೀಲಗಂಗವ್ವನ ಒಲೆಯೂ

ಕೇಳುವುದಿದ್ದರೆ ಬಾಯಿ ಮುಚ್ಚಿಕೊಂಡು ಕೇಳಿ, ಇಲ್ಲವಾದರೆ ಫೋನು ಪಕ್ಕಕ್ಕಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ನಿನ್ನೆ ನಮ್ಮ ಬೇರೆ ಊರಿನ ನೆಂಟರ ಗ್ರೂಪಿನಲ್ಲಿ ಯಾರೋ ಬರೆದಿದ್ದೀರಿ, ‘ಅಜ್ಜಗ ಈಗೀಗ ಎಲ್ಲಾ ಕಲಸುಮೇಲೋಗರ ಆಗೈತಿ, ಹೇಳಿದ್ದು ಒಂದೂ ನಂಬಬ್ಯಾಡ್ರಿ’ ಅಂತ. ಅದರ ಕೆಳಗೆ ಏಳು ಮಂದಿ ನಗುವ ಮುಖ ಅಂಟಿಸಿದ್ದೀರಿ. ಆ ಎಂಟೂ ಮಂದಿಯ ತೊಟ್ಟಿಲ ಶಾಸ್ತ್ರದಲ್ಲಿ ನಾನು ಉಂಡು ಬಂದವನು, ತಿಳಿದಿರಲಿ. ಯಾರ ಮನೆಯಲ್ಲಿ ಪಾಯಸ ನೀರಾಗಿತ್ತು ಅನ್ನುವುದೂ ನೆನಪಿದೆ. ನಿಮಗೆ ಮೊನ್ನೆ ತಿಂದದ್ದು ನೆನಪಿಲ್ಲ, ಗ್ಯಾಸ್ ಹಚ್ಚಿಟ್ಟು ಮರೆತು ಹೋಗುತ್ತೀರಿ, ನನ್ನ ನೆನಪಿನ ಲೆಕ್ಕ ಕೇಳುತ್ತೀರಿ. ಈ ಗುಂಡಿ ಒತ್ತಿ ಹಿಡಿದು ಹೆಬ್ಬೆರಳು ನೋಯುತ್ತದೆ, ಆದರೂ ಪೂರ್ತಿ ಹೇಳಿಯೇ ಬಿಡುತ್ತೇನೆ. ನಡುವೆ ಕಟ್ಟಾದರೆ ಇನ್ನೊಂದು ಕಳಿಸುತ್ತೇನೆ.

ನಮ್ಮೂರಿನಲ್ಲಿ ನೀರು ಬರೀ ಬೆಂಕಿಗೆ ಕುದಿಯುವುದಿಲ್ಲ. ಮಾತು ಬೇಕು. ಯಾಕೆ ಅಂತ ಕೇಳಬೇಡಿ. ನಿಮ್ಮೂರಿನ ನೀರು ಯಾರೂ ಮಾತಾಡಿಸದೆ ತಾನಾಗಿಯೇ ಯಾಕೆ ಕುದಿಯುತ್ತದೆ ಅಂತ ನಾನು ಯಾವತ್ತಾದರೂ ಕೇಳಿದ್ದೇನೆಯೇ? ನಿಮ್ಮ ನೀರಿಗೆ ಮಾನವಿಲ್ಲ ಅಂದುಕೊಂಡು ಸುಮ್ಮನಿದ್ದೇನೆ. ಇಲ್ಲಿ ಒಲೆ ಹೊತ್ತಿಸಿ ಪಾತ್ರೆ ಇಟ್ಟ ಮೇಲೆ, ಆ ಪಾತ್ರೆ ಹಿಂದೆ ಕೇಳಿರದ ಏನಾದರೂ ಹೇಳಬೇಕು. ಹೇಳುತ್ತಿರುವಷ್ಟು ಹೊತ್ತು ಕುದಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ನೆನಪಿಟ್ಟುಕೊಳ್ಳುವುದು ನೀರಲ್ಲ, ಪಾತ್ರೆ. ಚಹಾ ಆಗಬೇಕಾದರೆ ಪಕ್ಕದ ಮನೆಯವರ ಒಂದು ಸುದ್ದಿ ಸಾಕು. ಅನ್ನಕ್ಕೆ ಒಂದು ಜಗಳ ಮೊದಲಿಂದ ಕೊನೆಯವರೆಗೆ ಬೇಕು. ಬೇಳೆಗೆ ಪಾಲು ಪಂಚಾಯ್ತಿ. ಹುರಳಿ ಬೇಯಿಸುವವರು ಮೂರು ಸಲ ಮದುವೆಯಾದವನೊಬ್ಬನ ಪರಿಚಯ ಇಟ್ಟುಕೊಂಡಿರಬೇಕು. ಬೈದರೆ ಬೇಗ ಕುದಿಯುತ್ತದೆ, ತಳ ಹಿಡಿಯುತ್ತದೆ. ಹೊಗಳಿದರೆ ನೊರೆ ಬಂದು ಉಕ್ಕಿ ಒಲೆ ಆರುತ್ತದೆ. ನಮ್ಮ ಸಾಲೆಯ ಮಾಸ್ತರರೊಬ್ಬರು ಮಗ್ಗಿ ಹೇಳಿ ಅನ್ನ ಮಾಡಿಕೊಳ್ಳಲು ನೋಡಿದರು. ಮೊದಲನೇ ದಿನ ಬೆಂದಿತು. ಮರುದಿನದಿಂದ ನಿವೃತ್ತಿಯಾಗುವ ತನಕ ಅವರು ಅವಲಕ್ಕಿ ನೆನೆಸಿಕೊಂಡು ತಿಂದರು.

ಹೀಗಿದ್ದುದರಿಂದ ನಮ್ಮಲ್ಲಿ ಹೊಸ ಪಾತ್ರೆಗೆ ಬಂಗಾರದ ಮರ್ಯಾದೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಪಾತ್ರೆಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಒಲೆಯ ಮೇಲಿದ್ದಾಗ ಮಾತ್ರ ಪಾತ್ರೆಗೆ ಕಿವಿ ಅಂತ ಎಲ್ಲರಿಗೂ ಗೊತ್ತಿದ್ದರೂ, ಬೀಗರ ಬಾಯಿಯನ್ನು ಯಾರು ನಂಬುತ್ತಾರೆ? ಹಳೆಯ ಪಾತ್ರೆ ಕೊಳ್ಳುವವರಿಗೆ ಬೇರೆಯೇ ಭಯ. ಕುಂಬಾರ ಓಣಿಯ ಹೆಂಗಸೊಬ್ಬಳು ಗುಜರಿಯಿಂದ ಒಂದು ಬೋಗುಣಿ ತಂದು, ತನ್ನ ಗಂಡ ಸಂತೆಯ ದಿನ ಎಲ್ಲಿಗೆ ಹೋಗುತ್ತಾನೆಂದು ಅದರ ಮುಂದೆ ಅತ್ತು ಹೇಳಿಕೊಂಡಳು. ನೀರು ತಣ್ಣಗೇ ಇತ್ತು. ಅಂದರೆ ಆ ಬೋಗುಣಿಯ ಹಿಂದಿನ ಮನೆಯವರಿಗೆ ಆ ವಿಷಯ ಆಗಲೇ ಗೊತ್ತಿತ್ತು. ಗಂಡ ಹೋಗುತ್ತಿದ್ದದ್ದಕ್ಕಿಂತ ಅವಳಿಗೆ ನಾಚಿಕೆಯಾದದ್ದು ಅದಕ್ಕೆ.

ಎಲ್ಲ ಮನೆಯಲ್ಲೂ ಮಾತು ಹುಟ್ಟುವುದಿಲ್ಲ. ಸಿಟ್ಟಾಗಿ ಮಾತು ಬಿಟ್ಟ ಗಂಡಹೆಂಡಿರು, ಗಂಟಲು ನೋವಿನವರು, ಸಜ್ಜನರು, ಇಂಥವರ ಮನೆಗೆ ಹೋಗಿ ಒಲೆಯ ಮುಂದೆ ಕೂತು ಮಾತಾಡಿ ಬರುವವರಿಗೆ ಮಾತಿನಾಳು ಅನ್ನುತ್ತಿದ್ದರು. ಊರಿನಲ್ಲಿ ನಾಲ್ಕು ಮಂದಿ ಇದ್ದೆವು. ಉಳಿದ ಮೂವರದು ಬಾಯಿಗೆ ಬಂದ ಮಾತು, ಚಹಾಕ್ಕಷ್ಟೇ ಸರಿ. ಹುಚ್ಚೀರಪ್ಪ ಅಂದರೆ ಬೇರೆ. ಹುಚ್ಚೀರಪ್ಪ ಬಂದು ಕೂತರೆ ಒಣ ಅವರೆ ತಾನಾಗಿ ಸಿಪ್ಪೆ ಬಿಡುತ್ತಿತ್ತು ಅಂತ ಜನ ಹೇಳುತ್ತಿದ್ದರು. ಹುಚ್ಚೀರಪ್ಪ ಅಂದರೆ ನಾನೇ, ಗ್ರೂಪಿನಲ್ಲಿ ಅಜ್ಜ ಅಜ್ಜ ಅಂತ ಬರೆದು ನಿಮಗೆ ಹೆಸರೇ ಮರೆತಿರಬೇಕು.

ಬಸ್ ಸ್ಟ್ಯಾಂಡಿನ ಎದುರು ನೀಲಗಂಗವ್ವನ ಖಾನಾವಳಿ. ದಿನಕ್ಕೆ ಅರವತ್ತು ತಾಟು ಊಟ: ಜೋಳದ ರೊಟ್ಟಿ, ಬೇಳೆ, ಎಣ್ಣೆಗಾಯಿ, ಶೇಂಗಾ ಚಟ್ನಿ. ಗಂಡ ಇರಲಿಲ್ಲ. ಇದ್ದಾಗಲೂ ಒಲೆಯ ಮುಂದೆ ಮಾತಾಡುತ್ತಿದ್ದವನು ಅವನೇ. ಈಕೆಗೆ ಮಾತೇ ಇಲ್ಲ. ಮೂಕಿಯಲ್ಲ, ಆಡುತ್ತಿರಲಿಲ್ಲ ಅಷ್ಟೆ. ನನಗೆ ದಿನಕ್ಕೆ ಮೂರು ಮಾತು ಸಿಗುತ್ತಿದ್ದವು. ಬಂದಾಗ ‘ಬಾ’, ಮಣೆ ತೋರಿಸಿ ‘ಕುಂಡ್ರು’, ಬೇಳೆ ಬೆಂದಾಗ ‘ಸಾಕು’. ಮೂರು ಬಾಯಿಯ ಒಲೆ, ನಡುವಿನದರ ಮೇಲೆ ಅವಳ ಅತ್ತೆಯ ಕಾಲದ ತಾಮ್ರದ ಬೋಗುಣಿ. ಅಷ್ಟು ದೊಡ್ಡದನ್ನು ಈಗ ಮಾಡುವವರಿಲ್ಲ, ಬದಲಿಸುವ ಹಾಗಿರಲಿಲ್ಲ. ಅಕ್ಕಪಕ್ಕದ ಚಿಕ್ಕ ಪಾತ್ರೆಗಳೂ ಅದರ ಜೊತೆಗೇ ಎಲ್ಲವನ್ನೂ ಕೇಳುತ್ತಿದ್ದವು. ಆ ಮೂರರ ಮುಂದೆ ನಾನು ಹತ್ತೊಂಬತ್ತು ವರ್ಷ ಕೂತೆ. ಮೊದಲ ಐದು ವರ್ಷ ನಿಜ ಹೇಳಿದೆ. ಊರಿನ ನಿಜ ತೀರಿತು. ಪಕ್ಕದ ಊರುಗಳದ್ದು ತಂದೆ, ಅದೂ ತೀರಿತು. ಆಮೇಲೆ ಸುಳ್ಳು. ಬಿಡಿಬಿಡಿ ಸುಳ್ಳು ಮೂರು ವರ್ಷಕ್ಕೆ ಸಾಕಾಗಿ, ಕೊನೆಗೆ ಮುಗಿಯದ ಕಥೆಯೊಂದನ್ನು ಹಿಡಿದೆ.

ಬಾಳಪ್ಪ ಅಂತ ಒಬ್ಬ ಬಡಗಿ. ಮಗಳು ಹಡೆದಿದ್ದಾಳೆಂದು ಸುದ್ದಿ ಬಂತು, ತಾನೇ ಕೆತ್ತಿದ ತೊಟ್ಟಿಲನ್ನು ತಲೆಯ ಮೇಲೆ ಹೊತ್ತು ಅವಳ ಊರಿಗೆ ನಡೆಯುತ್ತಾ ಹೊರಟ. ದಾರಿಯಲ್ಲಿ ಯಾವ ಊರು ಸಿಕ್ಕರೂ ಅಲ್ಲೊಂದು ಕೂಸು ಹುಟ್ಟಿರುತ್ತದೆ. ತಾಯಂದಿರು ಕೈಮುಗಿದು, ನಾಲ್ಕು ದಿನ ತೊಟ್ಟಿಲು ಕೊಟ್ಟು ಹೋಗಪ್ಪ ಅನ್ನುತ್ತಾರೆ. ಇಲ್ಲ ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ಆ ಕೂಸು ಅಂಬೆಗಾಲಿಡುವ ತನಕ ಅಲ್ಲೇ ಇದ್ದು, ತೊಟ್ಟಿಲು ಹೊತ್ತು ಮುಂದಿನ ಊರಿಗೆ ಹೋಗುತ್ತಾನೆ. ನಾನು ಹೇಳಲು ಶುರುಮಾಡಿ ಆರು ವರ್ಷವಾಗಿತ್ತು, ಬಾಳಪ್ಪ ಇನ್ನೂ ಅರ್ಧ ದಾರಿಯಲ್ಲಿದ್ದ. ನೀಲಗಂಗವ್ವ ರೊಟ್ಟಿ ತಟ್ಟುತ್ತಾ ಒಮ್ಮೊಮ್ಮೆ ಕೈ ನಿಲ್ಲಿಸುತ್ತಿದ್ದಳು. ನನಗೆ ಖಾತ್ರಿ, ತೊಟ್ಟಿಲು ಯಾವಾಗ ಮುಟ್ಟುತ್ತದೋ ಅಂತ ಜೀವ ಹಿಡಿದುಕೊಂಡು ಕೇಳುತ್ತಿದ್ದಾಳೆ. ಊಟಕ್ಕೆ ಕೂತಾಗ ನನ್ನ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತಿತ್ತು. ಮನೆಯಲ್ಲಿ ನನಗೆ ಕಾಯುವವರು ಯಾರೂ ಇರಲಿಲ್ಲ. ಆ ಮಣೆ, ಆ ‘ಬಾ’, ಆ ತುಪ್ಪ, ಇಷ್ಟೇ ನನ್ನ ಸಂಸಾರ ಅಂತ ಇಟ್ಟುಕೊಳ್ಳಿ. ಇದನ್ನು ಅವಳಿಗೆ ಹೇಳಿದವನಲ್ಲ. ಹೇಳಿದ್ದರೆ ಒಂದು ಸಾರು ಕುದಿಯುತ್ತಿತ್ತೋ ಏನೋ.

ತಡೆಯಿರಿ, ಕಟ್ಟಾಯಿತು ಅನಿಸುತ್ತದೆ. ಇಲ್ಲ, ಓಡುತ್ತಿದೆ.

ಎಂಟು ವರ್ಷದ ಹಿಂದೆ ಒಂದು ಹಳದಿ ವ್ಯಾನು ಬಂದು ಮಾರ್ಕೆಟ್ಟಿನಲ್ಲಿ ನಿಂತಿತು. ಅದರ ಮೇಲೆ ಗುಂಗುರು ಕೂದಲಿನ ಹುಡುಗಿಯ ಚಿತ್ರ, ಕೆಳಗೆ ‘ಗುಂಗುರು ನೂಡಲ್ಸ್, ಎರಡೇ ನಿಮಿಷ’. ಇಳಿದವನು ಪ್ರದ್ಯುಮ್ನ ಅಂತ ಒಬ್ಬ ಏಜೆಂಟ, ಕೊರಳಲ್ಲಿ ಟೈ, ಮುಖದ ತುಂಬ ಬೆವರು. ಆ ಹೆಸರು ಯಾರ ನಾಲಗೆಗೂ ಹೊರಳದೆ ಅವನು ಸಂಜೆಯೊಳಗೆ ಪದ್ದಣ್ಣ ಆದ. ಮೇಜು ಹಾಕಿ, ಸ್ಟೋವ್ ಹಚ್ಚಿ, ಹೊಸ ಪಾತ್ರೆಯಲ್ಲಿ ನೀರಿಟ್ಟು, ಕೈಕಟ್ಟಿ ನಗುತ್ತಾ ನಿಂತ. ಎರಡು ನಿಮಿಷವಾಯಿತು. ಹತ್ತಾಯಿತು. ಅವನು ನಗುತ್ತಲೇ ಇದ್ದ, ನೀರು ತಣ್ಣಗೇ ಇತ್ತು. ಸುತ್ತ ನಿಂತ ಜನ ಒಬ್ಬರಿಗೊಬ್ಬರು ಮೊಣಕೈ ತಿವಿಯತೊಡಗಿದರು.

ಕಾಯಿಪಲ್ಲೆ ಮಾರುವ ಗುರುಸಿದ್ದವ್ವನಿಗೆ ತಡೆಯಲಾಗಲಿಲ್ಲ. ‘ಮಾತಾಡೋ ತಮ್ಮಾ, ಹಿಂಗ ನಾಚ್ಕೊಂಡು ನಿಂತ್ರ ನೀರರ ಏನು ಮಾಡೀತು?’

‘ಏನ್ ಮಾತಾಡ್ಲಿ ಅಜ್ಜಿ?’

‘ಏನರ. ನಿಮ್ಮವ್ವನ ಸುದ್ದಿ ಹೇಳು. ಕೊಡ ಹೊತ್ತೊಯ್ದು ಕೆರಿಯಾಗ ಬಿದ್ದವ್ರ ಸುದ್ದಿ ಹೇಳು.’

ಅವನಿಗೆ ತಲೆ ಕೆಟ್ಟಿತು. ಫೋನು ತೆಗೆದು ಮ್ಯಾನೇಜರನಿಗೆ ಹಚ್ಚಿದ. ‘ಸರ್, ನನ್ನನ್ನ ಯಾಕೆ ಈ ಊರಿಗೆ ಹಾಕಿದ್ರಿ ಸರ್? ಸ್ಟೋವ್ ಕೆಟ್ಟಿದೆ, ಹೋಟೆಲ್‌ನಲ್ಲಿ ಬಿಸಿನೀರು ಕೇಳಿದ್ರೆ ನಿಮ್ಮ ಮದುವೆ ಯಾಕಾಗಿಲ್ಲ ಹೇಳಿ ಅಂತಾರೆ ಸರ್! ನಿಶ್ಚಿತಾರ್ಥಕ್ಕೆ ರಜಾ ಕೇಳಿದ್ರೆ ಕೊಡ್ಲಿಲ್ಲ ನೀವು. ಹುಡುಗಿ ಅಪ್ಪ ಏನಂದ್ರು ಗೊತ್ತಾ? ಶಾವಿಗೆ ಮಾರೋನಿಗೆ ಮಗಳನ್ನ ಕೊಡಲ್ಲ ಅಂದ್ರು. ಶಾವಿಗೆ ಅಲ್ಲ ಅಂತ ನಾನು, ಶಾವಿಗೆ ಅಂತ ಅವ್ರು...’ ಅವನು ಹೇಳುತ್ತಾ ಹೇಳುತ್ತಾ ಹೋದ ಹಾಗೆ ಪಾತ್ರೆಯಲ್ಲಿ ನೀರು ತಕತಕ ಕುಣಿಯಿತು. ಗುರುಸಿದ್ದವ್ವ ತಾನೇ ಪ್ಯಾಕೆಟ್ಟು ಹರಿದು ಒಳಗೆ ಹಾಕಿದಳು. ಎರಡು ನಿಮಿಷಕ್ಕೆ ಸರಿಯಾಗಿ ಆಯಿತು. ‘ಪಾಪ, ಹುಡುಗೀನೂ ಹೋಯ್ತು’ ಅಂತ ಜನ ಮರುಕದಿಂದ ಒಂದೊಂದು ಪ್ಯಾಕೆಟ್ಟು ಕೊಂಡರು. ನಾನೂ ಒಂದು ತಗೊಂಡೆ. ಸುಳ್ಳು ಯಾಕೆ, ರುಚಿಯಾಗಿತ್ತು.

ಮರುಕದಿಂದ ಕೊಂಡವರು ಮರುವಾರ ಆಸೆಯಿಂದ ಕೊಂಡರು. ಎರಡೇ ನಿಮಿಷದ ಮಾತು ನೋಡಿ! ಸೊಸೆ ಅತ್ತೆಯೊಡನೆ ಅರ್ಧ ಗಂಟೆ ಕೂರಬೇಕಾಗಿಲ್ಲ. ‘ಇವತ್ತು ನಲ್ಲಿ ಬರಲಿಲ್ಲ, ಮುನಸಿಪಾಲ್ಟಿಯವರ ಬಾಯಾಗ ಮಣ್ಣು ಹಾಕ’ ಅಂದರೆ ಮುಗಿಯಿತು, ಊಟ ತಯಾರು. ಮೂರು ತಿಂಗಳಿಗೆ ಹುರಳಿ ಅಂಗಡಿಯಲ್ಲಿ ಹುಳ ಬಿದ್ದಿತು. ಮನೆಮನೆಗಳಲ್ಲಿ ಉದ್ದ ಮಾತು ನಿಂತಿತು. ನಮ್ಮ ನಾಲ್ವರಲ್ಲಿ ಒಬ್ಬ ಬಸ್ಸಿನ ಏಜೆಂಟನಾಗಿ ಊರುಗಳ ಹೆಸರು ಕೂಗತೊಡಗಿದ, ಒಬ್ಬನನ್ನು ಇಲೆಕ್ಷನ್ನಿನವರು ಎಳೆದುಕೊಂಡು ಹೋದರು, ಮೂರನೆಯವ ಕಲ್ಮೇಶಿ ಹೊಲಿಗೆ ಮಷೀನು ಇಟ್ಟ. ನನಗೆ ಉಳಿದದ್ದು ನೀಲಗಂಗವ್ವನ ಒಲೆ ಒಂದೇ. ಅಲ್ಲೂ ಅರವತ್ತು ತಾಟು ಇಪ್ಪತ್ತಾದವು. ಉಣ್ಣುವವರಿಲ್ಲದ ಬೇಳೆ ಸಂಜೆ ಎಮ್ಮೆಗೆ ಹೋಗುತ್ತಿತ್ತು. ಅವಳು ಬೇಳೆ ಕಡಿಮೆ ಹಾಕತೊಡಗಿದಳು. ಹೀಗೇ ಹೋದರೆ ಖಾನಾವಳಿ ಮುಚ್ಚುತ್ತದೆ, ನನ್ನ ಮಣೆಯೂ ಹೋಗುತ್ತದೆ ಅಂತ ನನಗೆ ಕಾಣುತ್ತಿತ್ತು.

ಅಷ್ಟರಲ್ಲಿ ಊರೇ ಒಂದು ಪೇಚಿಗೆ ಸಿಕ್ಕಿತು. ದಿನಕ್ಕೆ ನಾಲ್ಕು ಸಲ ಗುಂಗುರು ಮಾಡಿ ಮಾಡಿ, ಮನೆಯ ಪಾತ್ರೆಗಳಿಗೆಲ್ಲ ಚಿಲ್ಲರೆ ಸುದ್ದಿ ತುಂಬಿ ಹೋಯಿತು. ನಲ್ಲಿ ಬರಲಿಲ್ಲ ಅಂದರೆ ನೀರು ಮಿಸುಕಾಡದು. ನಲ್ಲಿ ಬಂತು ಅಂದರೂ ಅಷ್ಟೆ. ಬೇರೆ ಹೇಳೋಣವೆಂದರೆ ಯಾರಿಗೂ ಯಾರ ಸುದ್ದಿಯೂ ಗೊತ್ತಿಲ್ಲ, ಕೂತು ಮಾತಾಡಿದ್ದರೆ ತಾನೆ? ಜನ ಹಸಿ ನೂಡಲ್ಸನ್ನೇ ಮುರಿದು ಮಸಾಲೆ ಉದುರಿಸಿ ಕಟಕಟ ಕಡಿದರು. ಗುರುಸಿದ್ದವ್ವನ ಒಂದು ಹಲ್ಲು ಅದರಲ್ಲೇ ಹೋಯಿತು.

ಪದ್ದಣ್ಣ ನನ್ನನ್ನು ಹುಡುಕಿಕೊಂಡು ಬಂದ. ‘ಅಜ್ಜಾ, ಪ್ಯಾಕೆಟ್ ಒಳಗೆ ಮಸಾಲೆ ಜೊತೆ ಒಂದು ಚೀಟಿ ಹಾಕೋಣ ಅಂತಿದೀನಿ. ಎರಡು ನಿಮಿಷ ಓದೋಷ್ಟು. ಒಂದ್ರಲ್ಲಿ ಇದ್ದಿದ್ದು ಇನ್ನೊಂದ್ರಲ್ಲಿ ಇರಬಾರದು. ಅಷ್ಟು ಸರಕು ಈ ಊರಲ್ಲಿ ನಿಮ್ಮ ಹತ್ರ ಬಿಟ್ರೆ ಇನ್ಯಾರ ಹತ್ರ ಇದೆ?’

ದುಡ್ಡು ಕೊಟ್ಟನೇ ಅಂದರೆ ಕೊಟ್ಟ. ಆದರೆ ನಾನು ಬಿದ್ದದ್ದು ದುಡ್ಡಿಗಲ್ಲ. ಚೀಟಿಯ ಕೆಳಗೆ ‘ಕಥೆ: ಹುಚ್ಚೀರಪ್ಪ’ ಅಂತ ಅಚ್ಚು ಹಾಕಿಸುತ್ತೇನೆ ಅಂದ. ಎಪ್ಪತ್ತು ದಾಟಿದ ಮೇಲೆ ಅಚ್ಚಿನಲ್ಲಿ ಹೆಸರು ಬರುವುದೆಂದರೆ ಏನೆಂದು ನಿಮಗೆ ತಿಳಿಯದು, ನೀವು ದಿನಾ ಎಲ್ಲೆಲ್ಲೋ ಹೆಸರು ಹಾಕಿಕೊಳ್ಳುವವರು. ಈ ಗುಂಡಿ ಒತ್ತಿ ಮಾತಾಡುವುದನ್ನು ನನಗೆ ಕಲಿಸಿದವನು ಅವನೇ. ಬಾಳಪ್ಪನ ತೊಟ್ಟಿಲನ್ನು ಎರಡೆರಡು ನಿಮಿಷಕ್ಕೆ ಕತ್ತರಿಸಿ ಅವನಿಗೆ ಕಳಿಸಿದೆ. ಒಟ್ಟು ಸಾವಿರದ ಮೇಲೆ ತುಂಡುಗಳಾದವು. ಅವನ್ನು ಪ್ಯಾಕೆಟ್ಟಿಗೆ ತುಂಬಿದವರು ಹಿಂದುಮುಂದು ನೋಡಲಿಲ್ಲ. ಒಂದು ಮನೆಯಲ್ಲಿ ಬಾಳಪ್ಪ ಬೆಳಿಗ್ಗೆ ನದಿ ದಾಟಿದರೆ ಮಧ್ಯಾಹ್ನ ಇನ್ನೂ ಮರ ಕಡಿಯುತ್ತಿದ್ದ. ಸಂಜೆಯ ಚೀಟಿಯಲ್ಲಿ ಅವನಿಗೆ ಹಲ್ಲು ಬಿದ್ದಿದ್ದವು, ಮರುದಿನ ಮೀಸೆ ಇನ್ನೂ ಕಪ್ಪಗಿತ್ತು. ಯಾರೂ ಏನೂ ಕೇಳಲಿಲ್ಲ. ಪಾತ್ರೆಗೆ ಹೊಸದು ಸಿಕ್ಕಿತು, ನೀರು ಕುದಿಯಿತು, ಚೀಟಿಯನ್ನು ಉಂಡೆ ಮಾಡಿ ಒಲೆಗೆ ಹಾಕಿದರು. ನೀಲಗಂಗವ್ವನಿಗೆ ನಾನು ಹೇಳಲಿಲ್ಲ. ಅವಳ ಖಾನಾವಳಿಯಲ್ಲಿ ಗುಂಗುರು ಬೇಯುವುದಿಲ್ಲವಲ್ಲ, ತಿಳಿಯುವುದೆಲ್ಲಿಂದ ಅಂದುಕೊಂಡೆ.

ತಿಳಿದದ್ದು ಸರ್ವೇಯರ್ ಈರಭದ್ರಪ್ಪನ ಹೊಟ್ಟೆಯಿಂದ. ದಿನಾ ಅಲ್ಲೇ ಉಣ್ಣುವವನು, ಆವತ್ತು ಹೊಟ್ಟೆ ಸರಿಯಿಲ್ಲವೆಂದು ಎರಡು ಪ್ಯಾಕೆಟ್ಟು ಹಿಡಿದುಕೊಂಡು ಬಂದ. ‘ಯವ್ವಾ, ಇದಿಷ್ಟು ಬೇಯಿಸಿ ಕೊಡು. ಚೀಟಿ ನಾನs ಓದ್ತೀನಿ, ನಿನಗ ತ್ರಾಸಿಲ್ಲ.’ ನೀಲಗಂಗವ್ವ ಪಕ್ಕದ ಒಲೆಯ ಮೇಲೆ ಚಿಕ್ಕ ಪಾತ್ರೆ ಇಟ್ಟಳು. ನಾನು ನನ್ನ ಸರದಿ ಮುಗಿಸಿ ರೊಟ್ಟಿ ಮುರಿಯುತ್ತಾ ಕೂತಿದ್ದೆ. ಈರಭದ್ರಪ್ಪ ಕನ್ನಡಕ ಏರಿಸಿ ಓದಿದ: ‘ಬಾಳಪ್ಪ ತೊಟ್ಟಿಲನ್ನು ಕಟ್ಟೆಯ ಮೇಲೆ ಇಳಿಸಿ ಬೆವರು ಒರೆಸಿಕೊಂಡನು. ಆಗ ಒಬ್ಬ ಹೆಂಗಸು...’ ಪೂರ್ತಿ ಓದಿದ. ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

‘ಯಾಕಿದು? ಚೀಟಿ ಹಳೇದೈತೇನು?’ ಅಂತ ಎರಡನೇ ಪ್ಯಾಕೆಟ್ಟು ಹರಿದು ಅದನ್ನೂ ಓದಿದ. ನೀರು ತಣ್ಣಗಿತ್ತು. ನಾನು ತಲೆ ಬಗ್ಗಿಸಿ ತಾಟಿನ ಅಂಚಿಗೆ ಬದನೆಕಾಯಿ ತೊಟ್ಟು ಜೋಡಿಸತೊಡಗಿದೆ.

ನೀಲಗಂಗವ್ವ ಕೈ ಒರೆಸಿಕೊಂಡು ಚೀಟಿ ಇಸಿದುಕೊಂಡಳು. ಅದರ ಕೆಳಗಿನ ಹೆಸರಿನ ತನಕ ನಿಧಾನವಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ನನಗೆ ಆಡಿದ ಅತಿ ದೊಡ್ಡ ಮಾತು ಅದು. ‘ನನ್ನ ಒಲಿ ಮುಂದ ಕುಂತು ಹೇಳಿದ್ದನ್ನ ಊರ ಮಂದಿಗೆ ತುಂಡು ಮಾಡಿ ಹಂಚಿದಿ?’

‘ಬರೇ ಕಥಿ ಅದು, ನೀಲಗಂಗವ್ವ. ನಿನ್ನ ಗಂಟೇನು ಹೋತು?’

‘ಏಳು.’

‘ಊಟ ಅರ್ಧ ಆಗೈತಿ...’

‘ಏಳು. ನಾಳಿಂದ ಬರಬ್ಯಾಡ.’

ಎದ್ದೆ. ಕೈಯನ್ನೂ ತೊಳೆಯಲಿಲ್ಲ. ಆದರೂ ದಾರಿಯುದ್ದಕ್ಕೂ ನನಗೊಂದು ಸಮಾಧಾನವಿತ್ತು. ಮಾತೇ ಆಡದ ಹೆಂಗಸು, ಬೇಳೆ ಹೇಗೆ ಬೇಯಿಸುತ್ತಾಳೆ? ಒಂದು ದಿನ ಕಾಯುತ್ತಾಳೆ, ಎರಡನೇ ದಿನ ಯಾರನ್ನಾದರೂ ಕಳಿಸುತ್ತಾಳೆ. ಆಗ ನಾನು ಸ್ವಲ್ಪ ಬಿಗುಮಾನ ಮಾಡಿ ಹೋಗುವುದು. ಅಂಗಿ ಒಗೆದು ಒಣಗಿಸಿ ಇಟ್ಟುಕೊಂಡೆ. ಎರಡು ದಿನವಾಯಿತು, ನಾಲ್ಕಾಯಿತು. ಐದನೇ ದಿನ ಬಸ್ ಸ್ಟ್ಯಾಂಡಿನ ಕಡೆ ಹೋದರೆ ಒಗ್ಗರಣೆಯ ವಾಸನೆ ಮೂಗಿಗೆ ಬಂತು. ಬೆಂದ ಬೇಳೆಯದೇ ಒಗ್ಗರಣೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನನ್ನ ಕಾಲದಲ್ಲೂ ಅಷ್ಟು ಚಪ್ಪಲಿ ನೋಡಿರಲಿಲ್ಲ.

ನೆಟ್ಟಗೆ ಕಲ್ಮೇಶಿಯ ಹೊಲಿಗೆ ಅಂಗಡಿಗೆ ಹೋಗಿ ಕೇಳಿದೆ. ‘ಖರೇ ಹೇಳು, ನೀಲಗಂಗವ್ವನ ಕಡೆ ಹೊಂಟೀಯೇನು?’

ಅವನು ಮಷೀನಿನಿಂದ ತಲೆ ಎತ್ತಲಿಲ್ಲ. ‘ನನ್ನ ಯಾರು ಕರೀತಾರೋ ಯಪ್ಪಾ. ಅಲ್ಲಿ ಮಾತಾಡೂದು ಯಾರಂತ ನಿನಗ ಗೊತ್ತಿಲ್ಲೇನು? ಊರಿಗೆಲ್ಲಾ ಗೊತ್ತೈತಿ. ಹಿಂದಿನ ಗ್ವಾಡಿ ಕಡೆ ಹೋಗಿ ನಿಂತು ಕೇಳು ಹೋಗು.’ ಹೇಳಿ ಕಿಸಕ್ಕೆಂದ.

ಹಿತ್ತಲಿನ ಗೋಡೆಗೆ ಹೋಗಿ ಕಿವಿ ಕೊಟ್ಟೆ. ಹೆಣ್ಣು ದನಿ. ಕೇಳಿದ ದನಿಯೇ, ಆದರೆ ಮೂರು ಮಾತಿನಲ್ಲಿ ನಿಲ್ಲುತ್ತಿದ್ದದ್ದು ಈಗ ಹರಿಯುತ್ತಿತ್ತು.

‘...ಮೊದಲನೇ ವರ್ಷ ತೊಟ್ಲಾ ಸಾಗವಾನಿಂದು ಅಂದ. ಮೂರನೇ ವರ್ಷಕ್ಕ ಅದು ಹಲಸಿಂದಾತು. ಹೋದ ದೀಪಾವಳಿಗೆ ಬೇವಿಂದು! ಬಾಳಪ್ಪಗ ಮಗಳು ಒಬ್ಬಾಕಿನೋ ಇಬ್ಬರೋ, ಇವಗs ಗೊತ್ತಿಲ್ಲ. ಒಂದಿನ ಗಂಗಾ ಅಂತಾನ, ಒಂದಿನ ಗೌರಾ ಅಂತಾನ. ನಾನು ರೊಟ್ಟಿ ಬಡಿಯೂದು ಬಿಟ್ಟು ಕೈ ನಿಲ್ಲಿಸಿದ್ರ, ಇವ ಮೀಸಿ ತಿರುವಿಕೊಂತಾನ, ಕಥಿ ಕೇಳಾಕ ನಿಂತಾಳ ಅಂತ. ಇವನ ತಪ್ಪು ಎಣಿಸಾಕತ್ತಿದ್ನೆವ್ವಾ ನಾನು, ಬೆರಳು ಸಾಲತಿರಲಿಲ್ಲ! ತೊಟ್ಲಾ ಮುಟ್ಟಿದ್ರೆಷ್ಟು ಬಿಟ್ರೆಷ್ಟು. ಆ ಹೆಣ್ಮಗಳು ಅಷ್ಟರಾಗ ಇನ್ನೊಂದು ಹಡದು ಅದಕ್ಕೂ ಮದುವಿ ಮಾಡಿರತಾಳ. ಬಸ್ಸಿಗೆ ಹಾಕಿ ಕಳಿಸಬಾರದ ಆ ಬಾಳಪ್ಪ? ಹಾಕಂಗಿಲ್ಲ, ಯಾಕಂದ್ರ ಬಸ್ಸಿಗೆ ಹಾಕಿದ್ರ ಇವಗ ಮರುದಿನ ರೊಟ್ಟಿ ಇಲ್ಲ! ಇನ್ನ ಇವ ಉಣ್ಣೂದು ನೋಡಬೇಕು. ಬದನಿಕಾಯಿ ತೊಟ್ಟು ತಾಟಿನ ಅಂಚಿನಾಗ ಸಾಲ ಹಚ್ಚತಾನ, ಮದುವಿ ಮಂದಿ ಕುಂಡ್ರಿಸಿದಂಗ. ಮಾತಾಡುವಾಗ ಮೂಗಿನಾಗಿಂದ ಒಂದು ಸೀಟಿ ಬರತೈತಿ, ಸುಳ್ಳು ಹೇಳುವಾಗ ಎರಡು...’

ಒಳಗೆ ಜನ ಬಿದ್ದು ಬಿದ್ದು ನಗುತ್ತಿದ್ದರು. ನಗೆಯ ಕೆಳಗೆ ಆ ತಾಮ್ರದ ಬೋಗುಣಿಯ ಸದ್ದು ಕೇಳಿಸುತ್ತಿತ್ತು. ಹತ್ತೊಂಬತ್ತು ವರ್ಷ ಅದರ ಮುಂದೆ ಕೂತವನು ನಾನು, ಅದು ಹಾಗೆ ಕುದಿದದ್ದನ್ನು ಕೇಳಿರಲಿಲ್ಲ. ಯಾಕೆ ಕುದಿಯಬಾರದು? ಆ ಬೋಗುಣಿ ನನ್ನ ಮಾತೆಲ್ಲ ಕೇಳಿತ್ತು, ನನ್ನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಗೋಡೆಗೆ ಆತು ಸುಮಾರು ಹೊತ್ತು ನಿಂತೆ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಹಸಿವಾಗಿತ್ತು. ಅವಮಾನ ಹೇಗೂ ಊರೆಲ್ಲ ಉಂಡಾಗಿತ್ತು, ನಾನೊಬ್ಬನೇ ಉಪವಾಸ ಯಾಕಿರಲಿ? ಮುಂದಿನ ಬಾಗಿಲಿನಿಂದ ಒಳಗೆ ಹೋದೆ. ನಗುತ್ತಿದ್ದವರು ತಾಟಿಗೆ ತಲೆ ಬಗ್ಗಿಸಿದರು. ನೀಲಗಂಗವ್ವ ಮಾತ್ರ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಬೇಳೆ ಕೆಡುತ್ತದಲ್ಲ. ನನ್ನ ಮುಖ ನೋಡಿಕೊಂಡೇ ಬೋಗುಣಿಗೆ ಹೇಳಿದಳು: ‘ಬಂತು ನೋಡು. ಗ್ವಾಡಿ ಹಿಂದ ನಿಂತಿದ್ದು ಈ ಸೀಟಿ ಮೂಗಿಂದs ಗೊತ್ತಾಗಿತ್ತು ನನಗ.’

ಈರಭದ್ರಪ್ಪ ತನ್ನ ಮಣೆ ಸರಿಸಿದ. ‘ಬರ್ರಿ ಹುಚ್ಚೀರಪ್ಪಾರ, ಕುಂಡ್ರಿ. ನಿಮ್ಮ ಉಣ್ಣೂ ಸುದ್ದಿ ಇನ್ನs ಅರ್ಧ ಆಗೇತಿ.’

ಕೂತೆ. ತಾಟು ಬಂತು. ಬೇಳೆ ಬಹಳ ಚೆನ್ನಾಗಿ ಬೆಂದಿತ್ತು. ತುಪ್ಪ ಬೀಳಲಿಲ್ಲ.

ಆಮೇಲೆ ದಿನಾ ಹೋದೆ. ದಿನಾ ನನ್ನನ್ನು ಹುರಿದು ಹಾಕುತ್ತಿದ್ದಳು, ನಾನು ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆ. ಜನ ಗುಂಗುರು ಬಿಟ್ಟು ಖಾನಾವಳಿಗೆ ಬರತೊಡಗಿದರು. ಉಂಡವರು ಮನೆಗೆ ಹೋಗಿ ತಮ್ಮ ತಮ್ಮ ಹುಚ್ಚೀರಪ್ಪಂದಿರ ಬಗ್ಗೆ ಪಾತ್ರೆಗೆ ಹೇಳತೊಡಗಿದರು. ಹುರಳಿಗೆ ಮತ್ತೆ ಗಿರಾಕಿ ಹುಟ್ಟಿದರು. ವ್ಯಾಪಾರ ಕುಸಿದ ಪದ್ದಣ್ಣ ಒಂದು ದಿನ ಬಂದು ಉಂಡು, ಬೆರಳು ನೆಕ್ಕಿ, ಕೈಮುಗಿದ. ‘ಅಮ್ಮಾ, ಈ ಬೈಗುಳ ನಮಗೆ ಕೊಡಿ. ಎರಡೆರಡು ನಿಮಿಷ ಮಾಡಿ ಚೀಟಿಲಿ ಹಾಕ್ತೀವಿ, ನಿಮ್ಮ ಫೋಟೋ ಸಮೇತ.’

ನೀಲಗಂಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ಎರಡು ನಿಮಿಷದಾಗ ಇವನ ಒಂದು ಮೂಗು ಮುಗಿಯಂಗಿಲ್ಲೋ ತಮ್ಮಾ. ಮಜ್ಜಿಗಿ ಹಾಕಲೇನು?’ ಅವನು ಮಜ್ಜಿಗೆ ಹಾಕಿಸಿಕೊಂಡು ಹೋದ. ಈಗ ಅವನಿಗೆ ಮದುವೆಯಾಗಿದೆ, ಗುರುಸಿದ್ದವ್ವನೇ ಸಂಬಂಧ ಹುಡುಕಿದ್ದು. ಅವಳ ತಂಗಿಯ ಮೊಮ್ಮಗಳು. ಶಾವಿಗೆ ಮಾರುವವ ಅಂತಲೇ ಹೇಳಿ ಮಾಡಿದಳು.

ಇದೆಲ್ಲ ಎರಡು ವರ್ಷ ನಡೆಯಿತು. ಒಂದು ಮಧ್ಯಾಹ್ನ, ಬಿಸಿಲು ಕಾಲದಲ್ಲಿ, ನೀಲಗಂಗವ್ವ ಮಾತಿನ ನಡುವೆ ತಡೆದಳು. ನನ್ನ ಚಪ್ಪಲಿಯ ಸುದ್ದಿ ತೆಗೆದಳು, ಅದು ಆಗಿತ್ತು. ನನ್ನ ಹಾಡು, ಅದೂ ಆಗಿತ್ತು. ಬೋಗುಣಿಯ ಸದ್ದು ಸಣ್ಣಗಾಯಿತು. ಎಂಬತ್ತು ಮಂದಿ ಚಟ್ನಿ ಕಲಸಿಕೊಂಡು ಕೂತಿದ್ದರು. ಅವಳು ಸೌಟು ಹಿಡಿದು ನಿಂತಿದ್ದಳು, ಹಣೆಯ ಮೇಲೆ ಬೆವರು. ಬೇರೆಯವರ ಬಗ್ಗೆ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಅವಳು ಹತ್ತಿರದಿಂದ ನೋಡಿದ್ದು ನನ್ನೊಬ್ಬನನ್ನೇ. ಹತ್ತೊಂಬತ್ತು ವರ್ಷ ಅವಳ ಎದುರಿಗೆ ಕೂತವನು ಇನ್ಯಾರು? ಅವಳ ಹತ್ತಿರ ಇದ್ದ ಸರಕೆಲ್ಲ ನಾನೇ, ಅದು ಆವತ್ತು ತೀರಿತ್ತು. ಹಿಂದೆ ನಿಜ ತೀರಿದ ದಿನ ನಾನೂ ಹೀಗೇ ಸಿಕ್ಕಿಬಿದ್ದಿದ್ದೆ, ಆದ್ದರಿಂದ ನನಗೆ ಮಾತ್ರ ತಿಳಿಯಿತು.

ನಾನು ಎದ್ದು ನಿಂತು ಗಟ್ಟಿಯಾಗಿ ಅಂದೆ, ‘ಎಲ್ಲಾರೂ ಕೇಳ್ರಿ. ಈ ಬ್ಯಾಳಿ ಹಿಂಗ ಬೇಯಾಕ ನಾನs ಕಾರಣ. ಈಕಿಗೆ ಮಾತು ಕಲಿಸಿದಾಂವ ನಾನು.’

ಅವಳು ಸೌಟನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ ನೀಲಗಂಗವ್ವನ ಬಾಯಿಂದ ಹೊರಟದ್ದನ್ನು ಹೆಣ್ಣುಮಕ್ಕಳಿರುವ ಗ್ರೂಪಿನಲ್ಲಿ ಹೇಳುವ ಹಾಗಿಲ್ಲ. ಬೋಗುಣಿ ಉಕ್ಕಿ ಮುಚ್ಚಳ ಹಾರಿ ಈರಭದ್ರಪ್ಪನ ತೊಡೆಯ ಮೇಲೆ ಬಿತ್ತು. ತಳ ಸ್ವಲ್ಪ ಹಿಡಿದಿತ್ತು, ಆದರೂ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಜನ ಉಂಡು ಹೋದ ಮೇಲೆ ನಾನು ಎದ್ದು ಕೈತೊಳೆಯಲು ಹೋದೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಒಲೆ ಆರಿತ್ತು, ಸುತ್ತ ಯಾವ ಪಾತ್ರೆಯೂ ಇರಲಿಲ್ಲ. ಮೆಲ್ಲಗೆ ಕೇಳಿದಳು, ‘ನಾಳಿಗೆ ಏನರ ಐತೇನು?’

‘ನೋಡೂಣು’ ಅಂದೆ.

ಆವತ್ತಿನಿಂದ ಇವತ್ತಿನ ತನಕ ದಿನಕ್ಕೊಂದು ದಡ್ಡತನ ಮಾಡಿಕೊಂಡು ಹೋಗುವುದು ನನ್ನ ಕೆಲಸ. ಅಂಗಿ ತಿರುವುಮುರುವು ಹಾಕಿಕೊಂಡು ಹೋಗಿದ್ದೇನೆ. ನನಗಿಂತ ಚೆನ್ನಾಗಿ ರೊಟ್ಟಿ ತಟ್ಟುವವರಿಲ್ಲ ಅಂತ ಪಂಥ ಕಟ್ಟಿ, ಹಿಟ್ಟಿನಲ್ಲಿ ಮೊಣಕೈ ತನಕ ಮುಳುಗಿದ್ದೇನೆ. ವಯಸ್ಸಾಯಿತು, ಹೊಸ ತಪ್ಪು ಮಾಡುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಜನ ನನಗೆ ಮರೆವು ಅನ್ನುತ್ತಾರೆ, ಅನ್ನಲಿ.

ಆದ್ದರಿಂದ ಒಂದು ಕೆಲಸ ಮಾಡಿ. ಇದನ್ನು ಇಲ್ಲೇ ಇಟ್ಟುಕೊಳ್ಳಬೇಡಿ. ನಿಮ್ಮ ಆಫೀಸಿನವರಿಗೆ, ಅತ್ತೆಯ ಮನೆಯವರಿಗೆ, ಗುರುತಿದ್ದವರಿಗೆ, ಇಲ್ಲದವರಿಗೆ, ಎಲ್ಲರಿಗೂ ಕಳಿಸಿ. ಕೇಳಿದವರು ನನ್ನನ್ನು ಏನೇನು ಅಂದರು, ಸುಳ್ಳುಬುರುಕ ಅಂದರೋ, ತಲೆ ಕೆಟ್ಟವನು ಅಂದರೋ, ಕಥೆಯಲ್ಲಿ ಎಲ್ಲೆಲ್ಲಿ ತಪ್ಪು ಹಿಡಿದರು, ಒಂದನ್ನೂ ಬಿಡದೆ ನನಗೆ ಬರೆದು ಹಾಕಿ. ನಾನು ಅವಳಿಗೆ ಮುಟ್ಟಿಸುತ್ತೇನೆ. ಸ್ವಲ್ಪ ಬೇಗ ಕಳಿಸಿ. ನಾಳೆ ಸಂತೆ, ಊಟಕ್ಕೆ ಮಂದಿ ಜಾಸ್ತಿ.